ಏಣಿಯ ಮೇಲಿಂದ ಒಂದು ಮಾತು

ಆರನೆಯ ಚಮಚ ಬಿತ್ತು. ಏಳನೆಯದೂ ಬಿತ್ತು. ದೊಡ್ಡಪ್ಪ ಇನ್ನೂ ‘ಸಾಕು’ ಅನ್ನಲಿಲ್ಲ.

ಅವಳು ನೀಲಿಯ ಡಬ್ಬಿಯಿಂದ ಒಂದೊಂದೇ ಚಮಚ ತೆಗೆದು ಬಿಳಿ ಬಣ್ಣವಿದ್ದ ಅಗಲವಾದ ಡಬ್ಬಿಗೆ ಸುರಿಯುತ್ತಿದ್ದಳು. ದೊಡ್ಡಪ್ಪ ಎದುರಿನ ಸ್ಟೂಲಿನ ಮೇಲೆ ಕೂತು ಮರದ ಪಟ್ಟಿಯಿಂದ ಕಲಕುತ್ತಿದ್ದರು. ಈ ಬೋರ್ಡು ಬರೆಯುವ ಅಂಗಡಿಯಲ್ಲಿ ಬಣ್ಣ ಬೆರೆಸುವ ಕ್ರಮವೇ ಅದು: ಅವಳು ಹಾಕಬೇಕು, ಅವರು ಕಲಕಬೇಕು, ಯಾವುದೋ ಒಂದು ಗಳಿಗೆಯಲ್ಲಿ ಅವರ ಬಾಯಿಂದ ಆ ಮಾತು ಬರಬೇಕು. ಬಂದ ಮೇಲೆ ಒಂದು ಹನಿಯೂ ಹೆಚ್ಚಿಗೆ ಬೀಳುವಂತಿಲ್ಲ. ಹನ್ನೆರಡನೆಯ ವಯಸ್ಸಿನಿಂದ ಅವಳ ಕೈ ಆ ಮಾತಿಗೆ ನಿಲ್ಲುವುದನ್ನು ಕಲಿತಿತ್ತು. ಒಂದು ದಿನವೂ ಮಾತು ತಪ್ಪಿರಲಿಲ್ಲ, ತಡವಾಗಿರಲಿಲ್ಲ.

ಬೋರ್ಡು ಈಜು ಕಲಿಸುವವನೊಬ್ಬನದು. “ತಿಳಿ ನೀಲಿ ಇರ್ಲಿ ಸರ್, ನೋಡಿದ ತಕ್ಷಣ ನೀರಿಗೆ ಹಾರೋಣ ಅನ್ನಿಸ್ಬೇಕು” ಎಂದು ಹೇಳಿ ಹೋಗಿದ್ದ. ಎಂಟನೆಯ ಚಮಚದ ಹೊತ್ತಿಗೆ ಡಬ್ಬಿಯಲ್ಲಿ ತಯಾರಾಗಿದ್ದದ್ದು, ಹಾರಿದವರು ಮತ್ತೆ ಮೇಲೆ ಬರುವುದು ಅನುಮಾನ ಅನ್ನಿಸುವಂಥ ನೀಲಿ.

ಅವಳು ಚಮಚ ಕೆಳಗಿಟ್ಟಳು.

“ಯಾಕೆ ನಿಲ್ಲಿಸ್ದೆ?”

“ಸಾಕು ಅನ್ನಿಸ್ತು ದೊಡ್ಡಪ್ಪ.”

“ನಿಂಗನ್ನಿಸೋದೇನು? ನಾನಿನ್ನೂ ಹೇಳಿಲ್ವಲ್ಲ.” ಅವರು ಡಬ್ಬಿಯನ್ನು ಮುಖದ ಹತ್ತಿರಕ್ಕೆ ಎತ್ತಿಕೊಂಡು ನೋಡಿದರು. ಬಾಗಿಲ ಕಡೆ ತಿರುಗಿ ಬೆಳಕಿಗೆ ಹಿಡಿದು ನೋಡಿದರು. “ಸರಿ. ಇರ್ಲಿ. ಒಣಗಿದ ಮೇಲೆ ಸ್ವಲ್ಪ ಗಾಢವಾಗುತ್ತೆ” ಎಂದು ಕಲಕತೊಡಗಿದರು.

ಅವಳು ಮೇಲಂಗಿಯ ಜೇಬಿನಲ್ಲಿ ಮಡಚಿಟ್ಟ ಪತ್ರವನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಂಡಳು. ದೂರದ ದೊಡ್ಡ ಊರಿನ ಕಂಪನಿಯೊಂದರ ಪತ್ರ. ಪ್ಲಾಸ್ಟಿಕ್ ಅಕ್ಷರಗಳನ್ನು ಯಂತ್ರದಲ್ಲಿ ಕತ್ತರಿಸುವವರು. ಅಕ್ಷರದ ಅಳತೆ ಗೊತ್ತಿರುವ, ಕೈಯಲ್ಲಿ ಬರೆದು ಪಳಗಿದ ಒಬ್ಬರು ಬೇಕಿತ್ತು ಅವರಿಗೆ. ಇರಲು ಕೋಣೆಯನ್ನೂ ಕೊಡುತ್ತಾರಂತೆ. ಬರುತ್ತೀರೋ ಇಲ್ಲವೋ ಇವತ್ತು ನಾಲ್ಕು ಗಂಟೆಯೊಳಗೆ ಫೋನ್ ಮಾಡಿ ತಿಳಿಸಿ ಎಂದಿತ್ತು. ಪತ್ರ ಬಂದು ಒಂಬತ್ತು ದಿನವಾಗಿತ್ತು. ಒಂಬತ್ತು ದಿನವೂ ಅವಳು ದೊಡ್ಡಪ್ಪನಿಗೆ ಹೇಳಲು ಬಾಯಿ ತೆರೆದು ಟರ್ಪೆಂಟೈನ್ ಮುಗಿದಿದೆ, ಬ್ರಷ್ಷಿನ ಕೂದಲು ಉದುರುತ್ತಿದೆ ಎಂದೇನೋ ಹೇಳಿ ಬಾಯಿ ಮುಚ್ಚಿದ್ದಳು. ಹೇಳಿದರೆ ಅವರು ಏನನ್ನುತ್ತಾರೆ ಎಂಬ ಅಂದಾಜು ಅವಳಿಗಿತ್ತು. ಅವರು ಏನನ್ನಬೇಕು ಎಂಬುದೂ ಗೊತ್ತಿತ್ತು. ಒಂದೇ ಮಾತು, ‘ಬೇಡ’. ಅದನ್ನು ಅವರ ಬಾಯಿಂದ ಕೇಳಿಬಿಟ್ಟರೆ ಪತ್ರವನ್ನು ಅಲ್ಲೇ ಹರಿದು ಬ್ರಷ್ ಒರೆಸಲು ಬಳಸುತ್ತಿದ್ದಳು.

ಆದರೆ ಆ ಬಾಯಿಂದ ಅವಳು ಕೇಳಿದ್ದ ಮೊಟ್ಟಮೊದಲ ಮಾತೇ ಬೇರೆ.

ಆಗ ಅವಳಿಗೆ ಆರು ವರ್ಷ. ಅಮ್ಮ ತೀರಿಹೋಗಿ ತಿಂಗಳಾಗಿತ್ತು. ಅಪ್ಪ ಕೆಲಸ ಹುಡುಕಿಕೊಂಡು ಹೋದವನು ಕೆಲಸದ ಜೊತೆಗೆ ಇನ್ನೇನನ್ನೋ ಹುಡುಕಿಕೊಂಡಿದ್ದ. ಸೋದರಮಾವ ಅವಳನ್ನು ಬಸ್ಸಿನಲ್ಲಿ ಕರೆತಂದು ಈ ಅಂಗಡಿಯ ಮುಂದೆ ನಿಲ್ಲಿಸಿ, ತಾನು ಎದುರು ಬದಿಗೆ ಹೋಗಿ ಬೀಡಿ ಹಚ್ಚಿದ. ಅಂಗಡಿಯ ಬಾಗಿಲು ಅರ್ಧ ಇಳಿದಿತ್ತು. ಅದರ ಕೆಳಗಿನಿಂದ ಅವಳಿಗೆ ಕಂಡದ್ದು ಏಣಿಯ ಎರಡು ಕಾಲು, ಬಣ್ಣ ಬಣ್ಣದ ಚುಕ್ಕೆ ಬಿದ್ದ ನೆಲ, ಆಗಷ್ಟೇ ಒಳಗೆ ಹೋದ ದೊಡ್ಡಮ್ಮನ ಸೀರೆಯ ಅಂಚು. ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಒಳಗೆ ಏನೇನೋ ಹೇಳುತ್ತಿದ್ದಳು. ನಡುನಡುವೆ ಅಳುತ್ತಿದ್ದಳು. ಕೊನೆಗೆ ಸ್ಪಷ್ಟವಾಗಿ ಕೇಳಿಸಿತು.

“ಏನ್ ಮಾಡೋದು ರೀ ಇವಳನ್ನ?”

ಏಣಿಯ ಮೇಲಿಂದ, ಮುಖ ಕಾಣದ ಗಂಡಸಿನ ದನಿಯಲ್ಲಿ ಬಂತು ಉತ್ತರ: “ಸಾಕು.”

ಅಷ್ಟೇ. ಹುಡುಗಿ ತನ್ನ ಚೀಲವನ್ನು ಎತ್ತಿಕೊಂಡು ಮಾವನ ಕಡೆ ನಾಲ್ಕು ಹೆಜ್ಜೆ ನಡೆದೂಬಿಟ್ಟಿದ್ದಳು. ದೊಡ್ಡಮ್ಮ ಬಗ್ಗಿ ಹೊರಬಂದು ಅವಳ ಕೈ ಹಿಡಿದು ಎಳೆದುಕೊಂಡಳು. “ಎಲ್ಲಿಗ್ ಹೋಗ್ತೀಯೇ ಗುಬ್ಬಿ? ಮನೆ ಈ ಕಡೆ.”

ಗುಬ್ಬಿ ಎಂಬ ಹೆಸರು ಅಂಟಿದ್ದು ಹೀಗೆ. ಆಮೇಲೆ ಅದಕ್ಕೆ ತಕ್ಕಂತೆ ಅವಳು ಬದುಕಿದಳು. ದೊಡ್ಡಮ್ಮ ಗಂಡನ ಮಾತು ಮೀರಿ ತನ್ನನ್ನು ಇಟ್ಟುಕೊಂಡಿದ್ದಾಳೆ, ಆದ್ದರಿಂದ ಆ ಗಂಡನ ಕಣ್ಣಿಗೆ ಆದಷ್ಟೂ ಕಡಿಮೆ ಬೀಳಬೇಕು ಎಂಬುದು ಆರು ವರ್ಷದ ತಲೆ ಹಾಕಿದ ಲೆಕ್ಕ. ಊಟಕ್ಕೆ ಕೂತರೆ ಸೌಟು ತಟ್ಟೆಯ ಮೇಲೆ ಬರುವ ಮೊದಲೇ “ಸಾಕು ದೊಡ್ಡಮ್ಮ” ಎನ್ನುತ್ತಿದ್ದಳು. “ಇನ್ನೂ ಹಾಕೇ ಇಲ್ವಲ್ಲೇ, ಏನು ಸಾಕು, ನನ್ನ ಮುಖ ನೋಡಿದ್ದು ಸಾಕಾ?” ಎಂದು ದೊಡ್ಡಮ್ಮ ಗದರುತ್ತಿದ್ದಳು. ಬಟ್ಟೆ ಅಂಗಡಿಯಲ್ಲಿ ಮೊದಲು ತೋರಿಸಿದ್ದೇ ಸಾಕು. ದೀಪದ ಬೆಳಕು ಇಷ್ಟೇ ಸಾಕು. ಜ್ವರ ಬಂದಾಗ ಒಂದು ಮಾತ್ರೆ ಸಾಕು.

ಆ ಮನೆಯಲ್ಲಿ ಆ ಪದಕ್ಕೇನೂ ಬರವಿರಲಿಲ್ಲ. ದೊಡ್ಡಮ್ಮ ದಿನಕ್ಕೆ ನೂರು ಸಲ ಅದನ್ನು ಹೇಳುತ್ತಿದ್ದಳು. ನಲ್ಲಿಯಲ್ಲಿ ನೀರು ಹಿಡಿದು ಹಿಡಿದು ಸಾಕುಸಾಕಾಗಿ ಹೋಗುತ್ತಿತ್ತು. ಎದುರುಮನೆಯವಳ ಹರಟೆ ಕೇಳಿ ಸಾಕಪ್ಪಾ ಸಾಕು ಅನ್ನಿಸುತ್ತಿತ್ತು. ದೊಡ್ಡಪ್ಪ ಅಪರೂಪಕ್ಕೆ ಅವಳನ್ನು ಹೊಗಳಿದರೆ, “ಸಾಕು ಬಿಡ್ರಿ” ಎಂದು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಆ ‘ಸಾಕು’ಗೆ ಇನ್ನೂ ಸ್ವಲ್ಪ ಹೇಳಿ ಎಂಬ ಅರ್ಥವಿತ್ತು. ಎದುರುಮನೆಯವಳು ಒಂದು ದಿನ, “ಇವಳೇನಾ ನಿಮ್ಮ ಸಾಕುಮಗಳು?” ಎಂದು ಕೇಳಿದ್ದಳು. ಸಾಕಾಗಿಹೋದ ಮಗಳು ಎಂದು ಇವಳು ತಿಳಿದಳು. ಮೂರನೇ ತರಗತಿಯಲ್ಲಿ ‘ಸಾಕುಪ್ರಾಣಿಗಳು’ ಎಂಬ ಪಾಠ ಬಂದಾಗ ಆ ಪದಕ್ಕೆ ಇನ್ನೊಂದು ಅರ್ಥವೂ ಇದೆಯೆಂದು ಗೊತ್ತಾಯಿತು. ಹಸು, ನಾಯಿ, ಬೆಕ್ಕುಗಳ ಚಿತ್ರದ ಕೆಳಗೆ ತನಗೂ ಒಂದು ಜಾಗವಿದೆ ಎಂದು ನಗು ಬಂತು. ಎದುರುಮನೆಯವಳ ಮಾತು ಅಲ್ಲಿಗೆ ಬಿಡಿಸಿಕೊಂಡಿತು. ಏಣಿಯ ಮೇಲಿನ ಮಾತನ್ನು ಮಾತ್ರ ಅವಳು ಪಾಠದ ಹತ್ತಿರ ತರಲಿಲ್ಲ. ಅದು ಆ ಹೊತ್ತಿಗಾಗಲೇ ಪದವಾಗಿ ಉಳಿದಿರಲಿಲ್ಲ. ಹೆಸರಿನಂತೆ, ಎತ್ತರದಂತೆ ಅವಳದೇ ಆಗಿಹೋಗಿತ್ತು.

ಹನ್ನೆರಡು ತುಂಬಿದಾಗ ಅಂಗಡಿಗೆ ಬಂದು ಬ್ರಷ್ ತೊಳೆಯಲು ಶುರುಮಾಡಿದಳು. ಯಾರೂ ಕರೆದಿರಲಿಲ್ಲ. ತಿಂದದ್ದಕ್ಕೆ ಏನಾದರೂ ಮಾಡಬೇಕಲ್ಲ ಎಂದು ಬಂದಿದ್ದಳು. ದೊಡ್ಡಪ್ಪ ಗೆರೆ ಎಳೆಯುತ್ತಿದ್ದರು, ಅವಳು ಒಳಗೆ ಬಣ್ಣ ತುಂಬುತ್ತಿದ್ದಳು. ಸುಣ್ಣದ ಪುಡಿ ಹಚ್ಚಿದ ದಾರವನ್ನು ಇಬ್ಬರೂ ಎರಡು ತುದಿಯಲ್ಲಿ ಬಿಗಿ ಹಿಡಿದು, ಅವರು ನಡುವೆ ಎಳೆದು ಟಪ್ಪೆಂದು ಬಿಡುತ್ತಿದ್ದರು. ತಗಡಿನ ಮೇಲೆ ನೇರವಾದ ಬಿಳಿ ಗೆರೆ ಮೂಡುತ್ತಿತ್ತು. ಬೇಸಿಗೆಯ ರಜೆಯ ಮಧ್ಯಾಹ್ನಗಳೆಲ್ಲ ಈಗ ಅವಳ ನೆನಪಿನಲ್ಲಿ ಆ ಟಪ್ಪೆನ್ನುವ ಸದ್ದಾಗಿ, ಸೀಮೆಎಣ್ಣೆಯ ವಾಸನೆಯಾಗಿ, ದೊಡ್ಡಮ್ಮ ಕ್ಯಾರಿಯರ್ ಹಿಡಿದು ಬಂದು “ಅಪ್ಪ ಮಗಳು ಬಣ್ಣಾನೇ ತಿನ್ಕೊಂಡಿರಿ” ಎಂದು ಬಯ್ಯುವ ದನಿಯಾಗಿ ಉಳಿದಿದ್ದವು. ಮಾತು ಕಡಿಮೆ ಇದ್ದ ಆ ಅಂಗಡಿಯಲ್ಲಿ ಅವಳು ಸುಖವಾಗಿದ್ದಳು. ಸುಖವಾಗಿದ್ದೇನೆಂದು ಗೊತ್ತಾದಾಗಲೆಲ್ಲ ಸ್ವಲ್ಪ ದೂರ ಸರಿದು ಕೂರುತ್ತಿದ್ದಳು.

ದೊಡ್ಡಮ್ಮ ಹೋಗಿ ಎರಡು ವರ್ಷವಾಗಿತ್ತು. ತನ್ನನ್ನು ಇಟ್ಟುಕೊಂಡವಳೇ ಇಲ್ಲವೆಂದ ಮೇಲೆ ಇಲ್ಲಿ ತನ್ನದೇನು ಎಂಬ ಪ್ರಶ್ನೆ ಆ ಎರಡು ವರ್ಷ ಬ್ರಷ್ ತೊಳೆಯುವಾಗ ಬರುತ್ತಿತ್ತು, ಹೋಗುತ್ತಿತ್ತು. ಪತ್ರ ಬಂದ ಮೇಲೆ ಬಂದದ್ದು ಹೋಗಲಿಲ್ಲ.

ಗೋಡೆಯ ಗಡಿಯಾರ ಮೂರು ತೋರಿಸುತ್ತಿತ್ತು. ಅವಳು ಪತ್ರ ತೆಗೆದು ಬಣ್ಣದ ಡಬ್ಬಿಯ ಪಕ್ಕ ಇಟ್ಟಳು.

“ದೊಡ್ಡಪ್ಪ, ನಂಗೊಂದು ಕೆಲಸ ಸಿಕ್ಕಿದೆ.”

ಅವರು ಪತ್ರವನ್ನು ಎತ್ತಿಕೊಂಡರು, ಓದಲಿಲ್ಲ. “ಏನಂತೆ?”

ಅವಳು ಹೇಳಿದಳು. ಕಂಪನಿ, ಊರು, ಕೋಣೆ, ನಾಲ್ಕು ಗಂಟೆ. ಹೇಳುವಾಗ ಅವರ ಕೈಯನ್ನೇ ನೋಡುತ್ತಿದ್ದಳು. ಮರದ ಪಟ್ಟಿ ಡಬ್ಬಿಯೊಳಗೆ ಒಂದೇ ವೇಗದಲ್ಲಿ ಸುತ್ತುತ್ತಿತ್ತು.

“ಒಳ್ಳೇದಾಯ್ತು” ಎಂದರು ದೊಡ್ಡಪ್ಪ. “ಹೋಗು. ಇಲ್ಲಿ ಏನಿದೆ? ತಿಂಗಳಿಗೆ ಮೂರು ಬೋರ್ಡು. ಇನ್ನು ಮೇಲೆ ಅದೂ ಇರಲ್ಲ. ನಾನೇ ಹೇಳ್ಬೇಕು ಅಂತಿದ್ದೆ.”

“ಹೇಳ್ಬೇಕು ಅಂತಿದ್ರಾ?”

“ಹೂಂ. ಎಷ್ಟು ದಿನ ಅಂತ ನೀನು ಇಲ್ಲಿ...”

“ಹೇಳಿ ಆಗಿದೆಯಲ್ಲ. ಇಪ್ಪತ್ತೆಂಟು ವರ್ಷ ಆಯ್ತು ಹೇಳಿ.” ತನ್ನ ದನಿ ಇಷ್ಟು ಜೋರಾಗಿರಬಲ್ಲದೆಂದು ಅವಳಿಗೇ ಗೊತ್ತಿರಲಿಲ್ಲ. “ನಾನೇ ಹೊರಡೋದು ತಡ ಮಾಡ್ದೆ.”

ಪಟ್ಟಿ ನಿಂತಿತು. “ಏನಂದೆ ನಾನು?”

“ಬಂದ ದಿನಾನೇ ಅಂದ್ರಿ. ಏನ್ ಮಾಡೋದು ಇವಳನ್ನ ಅಂತ ದೊಡ್ಡಮ್ಮ ಕೇಳಿದ್ರು. ಏಣಿ ಮೇಲಿದ್ರಿ ನೀವು. ಸಾಕು ಅಂದ್ರಿ. ನಾನು ಹೊರಗೇ ನಿಂತಿದ್ದೆ, ಕೇಳಿಸ್ತು.”

ದೊಡ್ಡಪ್ಪ ಬಹಳ ಹೊತ್ತು ಅವಳನ್ನು ನೋಡಿದರು. ನಿಜವಾಗಿ ಅವಳ ಕಿವಿಯ ಪಕ್ಕದ ಎಲ್ಲೋ ಒಂದು ಜಾಗವನ್ನು ನೋಡುತ್ತಿದ್ದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಅವಳಿಗೆ ಮೊದಲು ಅವರು ಅಳುತ್ತಿದ್ದಾರೆ ಅನ್ನಿಸಿತು. ನಗುತ್ತಿದ್ದರು.

“ಗಡಿಯಾರದಂಗಡಿ ಬೋರ್ಡು! ‘ಗಡಿಯಾರಗಳು’. ಆ ಕೊನೇ ‘ಳು’ ಇದೆ ನೋಡು, ಅದನ್ನ ಒಂದೇ ಉಸಿರಲ್ಲಿ ಎಳೀಬೇಕು. ಅರ್ಧ ಸುತ್ತಿಗೆ ಬಾಯಿ ಬಿಟ್ಟೆಯೋ, ಕೈ ನಡುಗಿ ಗೆರೆ ಹಾಳು. ನಾನು ಆ ‘ಳು’ ನಡುವೆ ಇದ್ದೆ. ನಿಮ್ಮ ದೊಡ್ಡಮ್ಮ ಕೆಳಗೆ ನಿಂತು ಒಂದೇ ಸಮ ಮಾತು. ನಿಮ್ಮಪ್ಪ ಹಂಗೆ, ನಿಮ್ಮ ಮಾವ ಹಿಂಗೆ, ಆ ಮಗು ಹಂಗೆ. ಕೊನೇಗೆ ತಡೀಲಾರ್ದೆ ಅಂದೆ, ಸಾಕು ಅಂತ. ಮಾತು ಸಾಕು ಮಾರಾಯ್ತಿ, ಈ ಗೆರೆ ಮುಗೀಲಿ ಅಂತ. ಅಷ್ಟೆಲ್ಲ ಹೇಳೋಕೆ ಉಸಿರೆಲ್ಲಿತ್ತು?”

“ಆಮೇಲೆ?”

“ಆಮೇಲೇನು, ‘ಳು’ ಮುಗಿಸಿ ಕೆಳಗೆ ನೋಡ್ತೀನಿ, ಅವಳಿಲ್ಲ. ಸಿಟ್ಟು ಮಾಡ್ಕೊಂಡು ಹೋದ್ಲು ಅಂದ್ಕೊಂಡೆ. ಮನೆಗೆ ಹೋದ್ರೆ, ಯಾವುದೋ ಒಂದು ಚೋಟುದ್ದದ ಮಗು ನನ್ನ ತಟ್ಟೇಲಿ ಊಟ ಮಾಡ್ತಾ ಕೂತಿದೆ. ನನ್ನ ತಟ್ಟೇಲಿ! ನಿಮ್ಮ ದೊಡ್ಡಮ್ಮ ಕಣ್ಣು ಒರೆಸ್ಕೊಂಡು ಬಂದು ನನ್ನ ಕೈ ಹಿಡ್ಕೊಂಡ್ಲು. ‘ಒಂದೇ ಮಾತಲ್ಲಿ ಸಾಕು ಅಂದುಬಿಟ್ರಲ್ಲ ರೀ, ನೀವು ಇಷ್ಟು ಒಳ್ಳೆಯವರು ಅಂತ ನಂಗೆ ಗೊತ್ತಿರ್ಲಿಲ್ಲ’ ಅಂದ್ಲು. ಸಾಕು ಅಂದ್ರೆ ಇವಳನ್ನ ಸಾಕು ಅಂತ ಕೇಳಿಸ್ಕೊಂಡಿದ್ಲು ಅವಳು.”

ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ಅವಳ ಕೈ ಬಣ್ಣದ ಚಮಚವನ್ನು ಹುಡುಕಿ ಹಿಡಿದುಕೊಂಡಿತು.

“ನೀವು ಏನಂದ್ರಿ?”

“ಏನನ್ಲಿ? ಒಳಗೆ ಹೋಗಿ ಇನ್ನೊಂದು ತಟ್ಟೆ ತಂದೆ.”

“ದೊಡ್ಡಮ್ಮಂಗೆ ಹೇಳ್ಲೇ ಇಲ್ವಾ?”

“ಯಾವಾಗ ಹೇಳೋದು? ಮಾರನೇ ದಿನ ಬೆಳಿಗ್ಗೆಗೆ ಅವಳು ನಿಂಗೆ ಎರಡು ಲಂಗ ಹೊಲಿಸೋಕೆ ಕೊಟ್ಟಾಗಿತ್ತು. ಆಮೇಲೆ ನಾಲ್ಕು ಜನ ಹೆಂಗಸರು ಸೇರಿದ ಕಡೆಯೆಲ್ಲ ಅದೇ ಕಥೆ. ನಮ್ಮನೆಯವರು ಒಂದೇ ಮಾತಿಗೆ ಒಪ್ಪಿದ್ರು, ಎರಡನೇ ಮಾತು ಕೇಳ್ಲಿಲ್ಲ ಅಂತ. ನಿನ್ನ ಮುಂದೆ ಮಾತ್ರ ಹೇಳ್ಲಿಲ್ಲ. ಸಾಕಿದ್ದನ್ನ ಮಗು ಮುಂದೆ ಆಡಿ ತೋರಿಸ್ಬಾರ್ದು ಅನ್ನೋಳು.” ಅವರು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು. ನಗುವಿನ ನೀರು ಇನ್ನೂ ಇತ್ತು. “ಹತ್ತು ಸಲ ಕೇಳಿದ ಮೇಲೆ ನಂಗೂ ಹಾಗೇ ಅಂದಿದ್ದೆ ಅನ್ನಿಸೋಕೆ ಶುರುವಾಯ್ತು. ನಿಜವಾಗಿ ಹೇಳ್ತೀನಿ ಗುಬ್ಬಿ, ನೀನು ಈಗ ಕೆದಕದೇ ಇದ್ದಿದ್ರೆ ನಂಗೆ ಆ ‘ಳು’ ನೆನಪಿಗೇ ಬರ್ತಿರ್ಲಿಲ್ಲ.”

“ಹಂಗಾದ್ರೆ ನಾನು ಕೇಳಿಸ್ಕೊಂಡಿದ್ದೇ ಸರಿ.”

“ಸರೀನೇ. ಆದ್ರೆ ಅದು ನಿಂಗೆ ಹೇಳಿದ್ದಲ್ಲ.”

ಅವಳಿಗೆ ಕೋಪ ಬರಬೇಕಿತ್ತು. ಇಪ್ಪತ್ತೆಂಟು ವರ್ಷ ಎರಡನೇ ಸಲ ಬಡಿಸಿಕೊಳ್ಳದೆ ಎದ್ದ ಊಟಗಳು, ಕೇಳದೇ ಬಿಟ್ಟ ಬಣ್ಣದ ಪೆನ್ಸಿಲ್ಲುಗಳು, ಹತ್ತಿರ ಬಂದಾಗಲೆಲ್ಲ ಸರಿದು ಕೂತದ್ದು, ಎಲ್ಲ ಒಂದು ಅಕ್ಷರದ ಕೊಂಬಿನ ದೆಸೆಯಿಂದ. ಕೋಪದ ಜಾಗದಲ್ಲಿ ಬಂದದ್ದು ಒಂದು ಚಿತ್ರ. ಬಾಗಿಲಲ್ಲಿ ನಿಂತ ಗಂಡಸು, ತನ್ನ ತಟ್ಟೆಯ ಮುಂದೆ ಕೂತ ಮಗು. ಆತ ಏನೋ ಹೇಳಬೇಕೆಂದು ಬಾಯಿ ತೆರೆಯುತ್ತಾನೆ. ಹೇಳದೆ ಅಡುಗೆಮನೆಗೆ ಹೋಗುತ್ತಾನೆ. ಪಾತ್ರೆಗಳ ಸದ್ದಾಗುತ್ತದೆ.

“ಈಗ ಈ ಪತ್ರದ ವಿಷಯ ಹೇಳು” ಎಂದರು ದೊಡ್ಡಪ್ಪ. ಅವರ ದನಿಯಿಂದ ನಗು ಇಳಿದಿತ್ತು. “ಫೋನ್ ಮಾಡ್ಬೇಕಲ್ಲ. ಹೊತ್ತಾಯ್ತು.”

“ನಾನು ಇಲ್ಲೇ ಇರ್ಬೇಕು ದೊಡ್ಡಪ್ಪ.”

“ಇರ್ಬೇಕು ಅಂದ್ರೆ?”

“ಅಂದ್ರೆ ಇರ್ಬೇಕು.”

“ಹಂಗಲ್ಲ. ಮುದುಕನ್ನ ಬಿಟ್ಟು ಹೆಂಗೆ ಹೋಗ್ಲಿ, ಇರ್ಲೇಬೇಕಲ್ಲ ಕರ್ಮ, ಅಂತಾನಾ? ಇಲ್ಲ ಇರೋಕೆ ಆಸೆ ಅಂತಾನಾ? ಬಿಡಿಸಿ ಹೇಳು ಮಾರಾಯ್ತಿ. ಒಂದು ಮಾತಿಗೆ ಎರಡರ್ಥ ಇಟ್ಕೊಂಡು ಈ ಮನೆಯೋರು ಪಾಡು ಪಟ್ಟಿದ್ದು ಆಯ್ತು.”

ಅವಳು ನೆಲ ನೋಡಿದಳು. ನಾಲಿಗೆಗೆ ಅಭ್ಯಾಸವಿಲ್ಲದ ಪದ. ಬಾಯಿಯೊಳಗೆ ಒಂದು ಸಲ ಸದ್ದಿಲ್ಲದೆ ಹೇಳಿ ನೋಡಿಕೊಂಡಳು.

“ಆಸೆ” ಎಂದಳು.

ದೊಡ್ಡಪ್ಪ ತಲೆಯಾಡಿಸಿದರು. ಏನೋ ಹೇಳಲು ಹೊರಟರು. ಅವಳು ಅವರಿಗೆ ಅವಕಾಶ ಕೊಡಲಿಲ್ಲ. ಒಮ್ಮೆ ತೆರೆದ ಬಾಯಿ ಇನ್ನು ಮುಚ್ಚುವಂತೆ ಕಾಣಲಿಲ್ಲ.

“ಇನ್ನೂ ಇದೆ. ಇನ್ಮೇಲೆ ನಾನು ಬರೀ ಬಣ್ಣ ತುಂಬೋದಿಲ್ಲ. ಗೆರೇನೂ ಎಳೀಬೇಕು ನಂಗೆ. ಆಸೆ, ಅದೂ ಆಸೆ. ಮತ್ತೆ, ನೀವು ಈಗಲೇ ನನ್ನ ಜೊತೆ ಕಣ್ಣಿನ ಡಾಕ್ಟರ ಹತ್ರ ಬರ್ಬೇಕು. ಇದು ಆಸೆ ಅಲ್ಲ. ಇದು ಬರ್ಲೇಬೇಕು.”

“ಕಣ್ಣಿಗೇನು ಧಾಡಿ? ಚೆನ್ನಾಗೇ ಇದೆ.”

ಅವಳು ಡಬ್ಬಿಯನ್ನು ಅವರ ಮುಂದೆ ಹಿಡಿದಳು. “ಇದು ಯಾವ ಬಣ್ಣ?”

ಅವರು ಮುಖ ಹತ್ತಿರ ತಂದರು. ಬಾಗಿಲ ಬೆಳಕಿನ ಕಡೆ ಓರೆಯಾದರು. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ, ಆಮೇಲೆ ಅದನ್ನು ಮುಚ್ಚಿ ಮತ್ತೊಂದರಿಂದ ನೋಡಿದರು. ಹುಷಾರಾಗಿ, ಪರೀಕ್ಷೆಯಲ್ಲಿ ಕೂತ ಮಕ್ಕಳಂತೆ ಹೇಳಿದರು: “ಬಿಳಿ. ಸ್ವಲ್ಪ ಮಾಸಿದ ಬಿಳಿ.”

“ಎಷ್ಟು ದಿನದಿಂದ?”

“ನಿಂಗೆ ಹೇಳಿದ್ರೆ ನೀನು ಹೋಗ್ತಿರ್ಲಿಲ್ಲ.”

“ಪತ್ರದ ವಿಷಯ ನಾನು ಇವತ್ತು ತಾನೇ ಹೇಳಿದ್ದು?”

“ಒಂಬತ್ತು ದಿನದ ಹಿಂದೆ ಅಂಚೆಯವನು ನನ್ನ ಕೈಗೇ ಕೊಟ್ಟಿದ್ದು. ಯಾವ ಕಂಪನಿ, ಯಾವ ಊರು ಅಂತ ಅವನೇ ಓದಿ ಹೇಳ್ದ. ನಿನ್ನ ಬ್ರಷ್ಷಿನ ಪಕ್ಕ ಇಟ್ಟು ಸುಮ್ನಾದೆ.”

ಅವಳು ಹೊರಗೆ ಹೋಗಿ ಫೋನ್ ಮಾಡಿದಳು. ಅಂಗಡಿಯೊಳಗೆ ಅವಳ ಅರ್ಧ ಮಾತು ಕೇಳಿಸುತ್ತಿತ್ತು. “ಬರ್ತಿಲ್ಲ ಸರ್... ಇಲ್ಲ ಸರ್, ಮನೇಲಿ ಯಾರೂ ಬೇಡ ಅಂದಿಲ್ಲ. ನಂಗೇ ಬೇಡ.” ದೊಡ್ಡಪ್ಪ ಡಬ್ಬಿಗೆ ಮುಚ್ಚಳ ಹಾಕಿ, ಸುತ್ತಲೂ ಬೆರಳಿನಿಂದ ಒತ್ತಿ, ಗೂಟದಲ್ಲಿದ್ದ ಅಂಗಿಯನ್ನು ಬಣ್ಣದ ಅಂಗಿಯ ಮೇಲೆಯೇ ತೊಟ್ಟುಕೊಂಡು ಕಾಯುತ್ತ ನಿಂತರು.

ಕಣ್ಣಿನ ಆಸ್ಪತ್ರೆ ಬಜಾರಿನ ಆ ತುದಿಯಲ್ಲಿತ್ತು. ಇಬ್ಬರೂ ನಡೆದೇ ಹೊರಟರು. ಬೀದಿಯ ಎರಡೂ ಕಡೆ ಹೊಸ ಪ್ಲಾಸ್ಟಿಕ್ ಬೋರ್ಡುಗಳು ಮಿರುಗುತ್ತಿದ್ದವು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಅವರು ಬರೆದವು ಉಳಿದಿದ್ದವು. ದೊಡ್ಡಪ್ಪ ಅವಳ ಮೊಣಕೈ ಹಿಡಿದುಕೊಂಡಿದ್ದರು. ಎಂದೂ ಹಿಡಿದವರಲ್ಲ. ಈಗ ಮೆಟ್ಟಿಲು ಬಂದಲ್ಲಿ ಹಿಡಿತ ಬಿಗಿಯಾಗುತ್ತಿತ್ತು.

“ಓದ್ಕೊಂಡು ಬಾ” ಎಂದರು.

“ಏನನ್ನ?”

“ನಮ್ಮದನ್ನ. ಎಷ್ಟು ಉಳಿದಿದೆ ನೋಡೋಣ.”

ಅವಳು ಓದುತ್ತ ನಡೆದಳು. ಬೀಗದ ಕೈ ಮಾಡಿಕೊಡಲಾಗುವುದು. ಹಳೆಯ ಪುಸ್ತಕಗಳು. ಟೈಪಿಂಗ್ ಕಲಿಸಲಾಗುವುದು. ಪ್ರತಿಯೊಂದಕ್ಕೂ ಅವರು ‘ಹೂಂ’ ಅನ್ನುತ್ತಿದ್ದರು. ಟೈಪಿಂಗ್ ಬಂದಾಗ, “ಅದರ ಕೆಂಪು ನೀನು ತುಂಬಿದ್ದು. ಹೈಸ್ಕೂಲಲ್ಲಿದ್ದೆ. ಅಂಚು ಒಂದು ಕಡೆ ದಾಟಿದ್ದೆ, ನಾನು ಸುಮ್ನಿದ್ದೆ” ಎಂದರು. ಮೂಲೆಯ ಮುಚ್ಚಿದ ಅಂಗಡಿಯೊಂದರ ಮೇಲೆ ಬಿಸಿಲಿಗೆ ಸುಟ್ಟು ಬಿಳಿಚಿದ ತಗಡೊಂದಿತ್ತು. ಅವಳು ನಿಂತಳು. ಕತ್ತು ಎತ್ತಿ ಎಷ್ಟು ನೋಡಿದರೂ ಅಕ್ಷರ ಹಿಡಿಗೆ ಸಿಗಲಿಲ್ಲ.

“ಇಲ್ಲೊಂದಿದೆ. ಬಣ್ಣ ಪೂರ್ತಿ ಹೋಗಿದೆ, ಓದೋಕೆ ಆಗ್ತಿಲ್ಲ.”

ದೊಡ್ಡಪ್ಪ ಮೇಲೆ ನೋಡಲೂ ಇಲ್ಲ. “ಕೊಡೆ ರಿಪೇರಿ. ಆ ‘ಡೆ’ ಎಡಕ್ಕೆ ವಾಲಿದೆ. ಏಣಿ ಹಿಡ್ಕೋ ಅಂತ ನಿಮ್ಮ ದೊಡ್ಡಮ್ಮನ್ನ ನಿಲ್ಲಿಸಿದ್ರೆ, ಕೆಳಗಿಂದ ಏನೋ ಹೇಳಿ ನಗಿಸಿಬಿಟ್ಲು.”

ಅವಳು ಎರಡು ಹೆಜ್ಜೆ ಪಕ್ಕಕ್ಕೆ ಸರಿದಳು. ಇಳಿಬಿಸಿಲು ಈಗ ತಗಡಿನ ಮೇಲೆ ಅಡ್ಡಕ್ಕೆ ಬೀಳುತ್ತಿತ್ತು. ಬಣ್ಣ ಹೋದ ಜಾಗದಲ್ಲಿ ಬ್ರಷ್ಷಿನ ದಪ್ಪ ಅಂಚುಗಳು ಮಾತ್ರ ಉಬ್ಬಿ ನಿಂತು ಸಣ್ಣ ನೆರಳು ಚೆಲ್ಲಿದ್ದವು. ಆ ನೆರಳುಗಳ ನಡುವೆ ಒಂದು ‘ಡೆ’ ಎಡಕ್ಕೆ ವಾಲಿತ್ತು.